ಸವೆದ ರಬ್ಬರು

ಕಾರು ಕೆಟ್ಟಾಗ ಗೃಹಸ್ಥನ ಮುಂದೆ ಎರಡು ಬಾಗಿಲುಗಳುಂಟು: ಒಂದು ಕಂಪನಿಯ ಸರ್ವಿಸ್ ಸೆಂಟರಿನದು, ಇನ್ನೊಂದು ಪರಿಚಯದ ಗ್ಯಾರೇಜಿನದು. ವಾರಂಟಿಯ ಅವಧಿಯಲ್ಲಿ ಮೊದಲನೆಯದೇ ಮೇಲು. ಏರ್‌ಬ್ಯಾಗಿನ ದೋಷಕ್ಕೂ ಅದೇ ಸರಿ. ಸಂದೇಹವೇಳುವುದು ಆಮೇಲೆ.

ನನ್ನ ಹಳೆಯ ಕಾರಿನ ಮುಂಚಕ್ರದ ಬಳಿ ಕಟಕಟ ಸದ್ದು ಹುಟ್ಟಿತು. ಸರ್ವಿಸ್ ಸೆಂಟರಿನವರು ಲೋಯರ್ ಆರ್ಮನ್ನೇ ಬದಲಿಸಬೇಕೆಂದರು. ನಮ್ಮ ಬೀದಿಯ ಮೆಕ್ಯಾನಿಕ್ ಕಾರಿನಡಿ ನುಸುಳಿ ಬಂದು, “ಆರ್ಮು ಗಟ್ಟಿಯಾಗಿದೆ ಮೇಷ್ಟ್ರೇ, ಬುಷ್ ಹೋಗಿದೆ, ಅಷ್ಟೆ” ಎಂದರು; ಸವೆದ ರಬ್ಬರನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಎರಡು ಲೆಕ್ಕಗಳ ಅಂತರದಲ್ಲಿ ನಮ್ಮ ಮನೆಯ ಒಂದು ತಿಂಗಳ ದಿನಸಿ ಅಡಗಿತ್ತು.

ಆದರೆ ಕೈಯ ಕುಶಲತೆಯೊಂದೇ ಸಾಲದು, ಸಾಮಗ್ರಿಯೂ ಬೇಕು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ದೊರೆಯಗೊಡದ 14 ಕಾರು ತಯಾರಕರಿಗೆ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 2,544 ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿತು. ವಿದ್ಯೆಗೆ ಬೀಗ ಹಾಕಿದಲ್ಲಿ ಆಯ್ಕೆಯೆಂಬುದು ಹೆಸರಿಗೆ ಮಾತ್ರ.

ಆದುದರಿಂದ ಯಾವ ಬಾಗಿಲಿಗೇ ಹೋಗಲಿ, ತೆಗೆದ ಹಳೆಯ ಭಾಗವನ್ನು ಕೇಳಿ ನೋಡಬೇಕು. ಕೇಳುವ ಮುನ್ನವೇ ಅದನ್ನು ತೋರಿಸುವವರಲ್ಲಿ ಕಾರನ್ನು ಬಿಟ್ಟು, ನಿಶ್ಚಿಂತೆಯಿಂದ ಮನೆಗೆ ನಡೆದುಬರಬಹುದು.