ಹಳೆಯ ಟ್ರ್ಯಾಕ್ಟರ್‌ಗಳ ಆಯಿಲ್ ಸೋರಿಕೆ: ಸೀಲ್ ಬದಲಿಸಿದರಷ್ಟೇ ಸಾಲದು

ಮುಂಗಾರು ಮಳೆ ಬಿದ್ದು ಭೂಮಿ ಹದಕ್ಕೆ ಬಂದ ದಿನವೇ ಟ್ರ್ಯಾಕ್ಟರ್ ಕೆಟ್ಟು ನಿಂತರೆ ರೈತನಿಗಾಗುವ ನಷ್ಟ ಬಿಡಿಭಾಗದ ಬೆಲೆಗಷ್ಟೇ ಸೀಮಿತವಾಗುವುದಿಲ್ಲ. ಹದ ತಪ್ಪಿದರೆ ಬಿತ್ತನೆಯೇ ತಪ್ಪುತ್ತದೆ. ಇಪ್ಪತ್ತು-ಮೂವತ್ತು ವರ್ಷ ದುಡಿದ ಟ್ರ್ಯಾಕ್ಟರ್‌ಗಳಲ್ಲಿ ಹೀಗೆ ಕೈಕೊಡುವ ಭಾಗಗಳ ಪೈಕಿ ಆಯಿಲ್ ಸೀಲ್ ಕೂಡ ಒಂದು. ನೋಡಲು ಬಳೆಯಂತಿರುವ ಈ ರಬ್ಬರ್ ಭಾಗವನ್ನು ಬದಲಿಸಿ ನಿಟ್ಟುಸಿರು ಬಿಡುವಷ್ಟರಲ್ಲಿ, ಒಂದೆರಡು ತಿಂಗಳಿಗೇ ಅದೇ ಜಾಗದಿಂದ ಮತ್ತೆ ಎಣ್ಣೆ ಜಿನುಗುತ್ತದೆ. ‘ಸೀಲ್ ನಕಲಿ’ ಎಂದು ಅಂಗಡಿಯವನನ್ನೂ, ‘ಕೆಲಸ ಸರಿಯಿಲ್ಲ’ ಎಂದು ಮೆಕ್ಯಾನಿಕ್‌ನನ್ನೂ ದೂರುವುದು ವಾಡಿಕೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ದೋಷ ಇರುವುದು ಸೀಲ್‌ನಲ್ಲಲ್ಲ, ಅದರ ಸುತ್ತಲಿನ ಭಾಗಗಳಲ್ಲಿ.

ರಾಜ್ಯದ ಹೊಲಗದ್ದೆಗಳಲ್ಲಿ ಹಳೆಯ ಮಾದರಿಗಳು ಇಂದಿಗೂ ಓಡುತ್ತಿವೆ. ಎಚ್‌ಎಂಟಿ ಸಂಸ್ಥೆ ಹರಿಯಾಣದ ಪಿಂಜೋರ್‌ನಲ್ಲಿ 1971ರಲ್ಲಿ ಆರಂಭಿಸಿದ ಟ್ರ್ಯಾಕ್ಟರ್ ತಯಾರಿಕೆಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ತಯಾರಿಕೆ ನಿಂತ ಇಂಥ ಮಾದರಿಗಳ ಮಾಲೀಕರಿಗೆ ಮೂಲ ಬಿಡಿಭಾಗ ಹುಡುಕುವುದೇ ಒಂದು ಕೆಲಸ. ಆದ್ದರಿಂದ ಇರುವ ಭಾಗವನ್ನೇ ಸರಿಯಾಗಿ ದುರಸ್ತಿ ಮಾಡಿಸುವುದು ಅವರಿಗೆ ಅನಿವಾರ್ಯ.

ಸೀಲ್ ಮಾಡುವ ಕೆಲಸ

ತಿರುಗುವ ಶಾಫ್ಟ್ ಎಣ್ಣೆ ತುಂಬಿದ ಪೆಟ್ಟಿಗೆಯಿಂದ ಹೊರಬರುವ ಜಾಗದಲ್ಲಿ ಆಯಿಲ್ ಸೀಲ್ ಇರುತ್ತದೆ. ಹೊರಗೆ ಲೋಹದ ಕವಚ, ಒಳಗೆ ‘ಲಿಪ್’ ಎಂದು ಕರೆಯುವ ರಬ್ಬರ್ ಅಂಚು, ಆ ಅಂಚನ್ನು ಶಾಫ್ಟ್‌ಗೆ ಒತ್ತಿ ಹಿಡಿಯುವ ತೆಳುವಾದ ಸುರುಳಿ ಸ್ಪ್ರಿಂಗ್. ಲಿಪ್ ಮತ್ತು ಶಾಫ್ಟ್ ನಡುವೆ ಎಣ್ಣೆಯ ಅತಿ ತೆಳುವಾದ ಪೊರೆ ಇರುವುದರಿಂದಲೇ ರಬ್ಬರ್ ಸುಡದೆ ಉಳಿಯುತ್ತದೆ. ಸಾಮಾನ್ಯವಾಗಿ ಬಳಸುವ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖವನ್ನು ತಾಳಬಲ್ಲದು. ಅದಕ್ಕಿಂತ ಹೆಚ್ಚಾದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸೀಲ್ ಕೂಡ ಹೀಗೆಯೇ ಬಿರುಸಾಗಿರಬಹುದು.

ಸೀಲ್ ಮೇಲೆ 35-52-7 ಎಂಬಂತೆ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಶಾಫ್ಟ್‌ನ ವ್ಯಾಸ, ಎರಡನೆಯದು ಸೀಲ್ ಕೂರುವ ರಂಧ್ರದ ವ್ಯಾಸ, ಮೂರನೆಯದು ದಪ್ಪ, ಎಲ್ಲವೂ ಮಿಲಿಮೀಟರ್‌ಗಳಲ್ಲಿ. ಹಳೆಯ ಮಾದರಿಯ ಸೀಲ್ ಆ ಕಂಪನಿಯ ಹೆಸರಿನಲ್ಲಿ ಸಿಗದಿದ್ದರೂ ಈ ಅಳತೆ ಹಿಡಿದು ಬೇರಿಂಗ್ ಅಂಗಡಿಗಳಲ್ಲಿ ವಿಚಾರಿಸಬಹುದು.

ಎಣ್ಣೆ ಬರುತ್ತಿರುವುದು ಎಲ್ಲಿಂದ?

ದುರಸ್ತಿಯ ಮೊದಲ ಹೆಜ್ಜೆ ತೊಳೆಯುವುದು. ಎಣ್ಣೆ ಮೇಲಿನಿಂದ ಹರಿದು ಕೆಳಗಿನ ಭಾಗದಲ್ಲಿ ತೊಟ್ಟಿಕ್ಕುವುದರಿಂದ ಜಿಡ್ಡು, ಮಣ್ಣು ತೆಗೆಯದೆ ಮೂಲ ತಿಳಿಯುವುದಿಲ್ಲ. ತೊಳೆದು ಒಣಗಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ನೋಡಬೇಕು.

ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಕ್ಲಚ್ ಹೌಸಿಂಗ್‌ನ ತಳದಲ್ಲಿ ಸಣ್ಣ ರಂಧ್ರವೊಂದಿದ್ದು, ಅದರಲ್ಲಿ ಕಾಟರ್ ಪಿನ್ ಸಡಿಲವಾಗಿ ತೂಗುತ್ತಿರುತ್ತದೆ. ಅಲ್ಲಿ ಎಣ್ಣೆ ಕಾಣಿಸಿದರೆ ಅದನ್ನು ಬೆರಳಿಗೆ ಹಚ್ಚಿ ಪರೀಕ್ಷಿಸಬೇಕು. ಕಪ್ಪಾಗಿ ತೆಳುವಾಗಿದ್ದರೆ ಎಂಜಿನ್‌ನ ಹಿಂಬದಿಯ ಕ್ರ್ಯಾಂಕ್ ಸೀಲ್ ಮೇಲೆ ಅನುಮಾನ. ಮಂದವಾಗಿದ್ದು ಗಂಧಕದಂಥ ವಾಸನೆ ಬಂದರೆ ಗೇರ್ ಬಾಕ್ಸ್‌ನ ಮುಂಬದಿಯ ಸೀಲ್ ಸೋರುತ್ತಿದೆ ಎಂದರ್ಥ. ಕೆಸರುಗದ್ದೆಗೆ ಇಳಿಯುವಾಗ ಈ ರಂಧ್ರವನ್ನು ಮುಚ್ಚಿದವರು ಕೆಲಸ ಮುಗಿದ ಕೂಡಲೇ ತೆರೆಯಬೇಕು. ಇಲ್ಲವಾದರೆ ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟ್ ತೋಯ್ದು ಜಾರತೊಡಗುತ್ತದೆ.

ಮರಳಿ ಸೋರಲು ಕಾರಣಗಳು

ಮೊದಲನೆಯದು ಶಾಫ್ಟ್‌ನ ಸವೆತ. ರಬ್ಬರ್ ಉಕ್ಕನ್ನು ಸವೆಸುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಲಿಪ್‌ನ ಅಂಚಿಗೆ ಸಿಕ್ಕಿದ ಧೂಳಿನ ಕಣಗಳು ಉಪ್ಪುಕಾಗದದಂತೆ ವರ್ತಿಸಿ ಶಾಫ್ಟ್ ಸುತ್ತ ಗೀರು ಕೊರೆಯುತ್ತವೆ. ಉಗುರಿಗೆ ತಾಕುವಷ್ಟು ಆಳದ ಗೀರಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲುವುದು ಕಷ್ಟ.

ಎರಡನೆಯದು ಬೇರಿಂಗ್. ಸವೆದ ಬೇರಿಂಗ್‌ನಲ್ಲಿ ಶಾಫ್ಟ್ ಅಲುಗುತ್ತದೆ. ಆ ವೇಗದ ಅಲುಗಾಟವನ್ನು ಲಿಪ್ ಹಿಂಬಾಲಿಸಲಾರದು. ಸೀಲ್ ತೆಗೆಯುವ ಮುನ್ನ ಶಾಫ್ಟನ್ನು ಮೇಲೆ-ಕೆಳಗೆ ಅಲುಗಿಸಿ ನೋಡುವುದು ಇದೇ ಕಾರಣಕ್ಕೆ.

ಮೂರನೆಯದು ಒಳಗಿನ ಒತ್ತಡ. ಗೇರ್ ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲು ‘ಬ್ರೀದರ್’ ಎಂಬ ಸಣ್ಣ ದಾರಿ ಇರುತ್ತದೆ. ಕೆಸರು, ಧೂಳು ಕಟ್ಟಿಕೊಂಡು ಅದು ಮುಚ್ಚಿದರೆ ಗಾಳಿ ಸೀಲ್ ಅಂಚಿನಲ್ಲಿ ಎಣ್ಣೆಯನ್ನು ತಳ್ಳಿಕೊಂಡು ಹೊರಬರುತ್ತದೆ. ಎಂಜಿನ್‌ನಲ್ಲಿಯೂ ಹೀಗೆಯೇ. ಪಿಸ್ಟನ್ ರಿಂಗ್‌ಗಳು ಸವೆದಿದ್ದರೆ ದಹನದ ಅನಿಲ ಕೆಳಗಿಳಿದು ಒತ್ತಡ ಹೆಚ್ಚಿಸುತ್ತದೆ. ಬ್ರೀದರ್ ಕೊಳವೆಯಿಂದ ಹೊಗೆ ದಟ್ಟವಾಗಿ ಬರುತ್ತಿದ್ದರೆ ಸೀಲ್‌ಗಿಂತ ಮೊದಲು ಎಂಜಿನ್ ಪರೀಕ್ಷಿಸಬೇಕು. ಅಳತೆ ಕಡ್ಡಿಯ ಗುರುತು ಮೀರಿ ಎಣ್ಣೆ ತುಂಬುವುದೂ ಸೋರಿಕೆಗೆ ಆಹ್ವಾನ.

ಇವುಗಳ ಜೊತೆಗೆ ಹೊರಗಿನ ಶತ್ರುಗಳೂ ಇವೆ. ಪಿಟಿಒ ಶಾಫ್ಟ್ ಮತ್ತು ರೋಟವೇಟರ್‌ಗೆ ಸುತ್ತಿಕೊಂಡ ಹುಲ್ಲು, ಪ್ಲಾಸ್ಟಿಕ್ ದಾರ ಸೀಲ್‌ನೊಳಗೆ ನುಗ್ಗಿ ಲಿಪ್ ಕತ್ತರಿಸುತ್ತವೆ. ಎಂಜಿನ್ ನಿಲ್ಲಿಸಿ, ದಿನದ ಕೊನೆಗೆ ಅವನ್ನು ಬಿಡಿಸುವುದಕ್ಕೆ ಐದು ನಿಮಿಷ ಸಾಕು.

ಸವೆದ ಶಾಫ್ಟ್‌ಗೆ ಪರಿಹಾರ

ಶಾಫ್ಟ್ ಬದಲಿಸುವುದು ಕೊನೆಯ ಮಾರ್ಗ. ಅದಕ್ಕೂ ಮುನ್ನ ಅಗ್ಗದ ದಾರಿಗಳಿವೆ. ಜಾಗವಿದ್ದರೆ ಹೊಸ ಸೀಲನ್ನು ಎರಡು-ಮೂರು ಮಿ.ಮೀ. ಹಿಂದೆ ಅಥವಾ ಮುಂದೆ ಕೂರಿಸಿ, ಲಿಪ್ ಸವೆಯದ ಭಾಗದ ಮೇಲೆ ನಿಲ್ಲುವಂತೆ ಮಾಡಬಹುದು. ಆದರೆ ಎಣ್ಣೆ ಹರಿಯುವ ರಂಧ್ರ ಮುಚ್ಚದಂತೆ ಎಚ್ಚರ ವಹಿಸಬೇಕು.

ಎರಡನೆಯದು ತೆಳುವಾದ ಸ್ಟೇನ್‌ಲೆಸ್ ಸ್ಲೀವ್. ಸುಮಾರು 0.28 ಮಿ.ಮೀ. ದಪ್ಪದ ಈ ಕೊಳವೆಯನ್ನು ಗೀರು ಬಿದ್ದ ಜಾಗದ ಮೇಲೆ ತಳ್ಳಿ ಕೂರಿಸಿದರೆ ಅದೇ ಅಳತೆಯ ಸೀಲ್ ಬಳಸಬಹುದು. ಸ್ಲೀವ್ ಸಿಗದಿದ್ದರೆ ಲೇತ್‌ನಲ್ಲಿ ಶಾಫ್ಟ್ ತುಂಬಿಸಿ ತಿರುಗಿಸುವ ಪದ್ಧತಿಯಿದೆ. ಇಲ್ಲಿ ಕೊನೆಯ ಹಂತ ಗ್ರೈಂಡಿಂಗ್ ಆಗಿರಲೇಬೇಕು. ಲೇತ್‌ನ ಉಳಿ ಬಿಟ್ಟ ಸುರುಳಿ ಗೆರೆಗಳು ಸ್ಕ್ರೂ ಎಳೆಗಳಂತೆ ಎಣ್ಣೆಯನ್ನು ಹೊರಗೆ ಎಳೆಯುತ್ತವೆ.

ಕೂರಿಸುವ ಕ್ರಮ

ಸ್ಪ್ರಿಂಗ್ ಕಾಣುವ ಬದಿ ಎಣ್ಣೆಯ ಕಡೆಗಿರಬೇಕು. ಲಿಪ್‌ಗೆ ಎಣ್ಣೆ ಅಥವಾ ಗ್ರೀಸ್ ಸವರದೆ ಒಣದಾಗಿ ಹಾಕಿದರೆ ಮೊದಲ ಕೆಲವು ಸುತ್ತುಗಳಲ್ಲೇ ಸುಟ್ಟುಹೋಗಬಹುದು. ಶಾಫ್ಟ್‌ನ ಹಲ್ಲುಗಳ ಮೇಲೆ ಟೇಪ್ ಸುತ್ತಿ ನಂತರ ಸೀಲ್ ದಾಟಿಸಬೇಕು. ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಕವಚ ಸೊಟ್ಟಗಾಗುತ್ತದೆ. ಹೊರ ಅಳತೆಗೆ ಹೊಂದುವ ಕೊಳವೆಯಿಟ್ಟು ಸಮನಾಗಿ ಒತ್ತಬೇಕು. ಕೆಸರಿನಲ್ಲಿ ದುಡಿಯುವ ಟ್ರ್ಯಾಕ್ಟರ್‌ನ ಚಕ್ರದ ಭಾಗಗಳಿಗೆ ಧೂಳು ತಡೆಯುವ ಎರಡನೇ ಲಿಪ್ ಇರುವ ಸೀಲ್ ಒಳ್ಳೆಯದು.

ಹಿಂಬದಿಯ ಕ್ರ್ಯಾಂಕ್ ಸೀಲ್‌ಗಾಗಿ ಟ್ರ್ಯಾಕ್ಟರನ್ನು ನಡುವಿನಿಂದ ಎರಡು ಭಾಗ ಮಾಡಬೇಕಾಗುತ್ತದೆ. ಇದು ಮನೆಯಂಗಳದ ಕೆಲಸವಲ್ಲ. ಮುಂದಿನ ಆಕ್ಸಲ್‌ಗೆ ಎರಡೂ ಬದಿ ಮರದ ತುಂಡು ಬಿಗಿಯದಿದ್ದರೆ ಎಂಜಿನ್ ವಾಲಿ ಬೀಳುವ ಅಪಾಯವಿದೆ. ಪರ್ಕಿನ್ಸ್ ವಿನ್ಯಾಸದ ಹಳೆಯ ಮೂರು ಸಿಲಿಂಡರ್ ಎಂಜಿನ್‌ಗಳಲ್ಲಿ ಇಲ್ಲಿ ರಬ್ಬರ್ ಬದಲು ಹಗ್ಗದಂಥ ಸೀಲ್ ಇದ್ದು, ಅದನ್ನು ಒತ್ತಿ ಕೂರಿಸುವುದಕ್ಕೆ ಅನುಭವ ಬೇಕು. ಒಮ್ಮೆ ಬಿಚ್ಚಿದ ಮೇಲೆ ಗೇರ್ ಬಾಕ್ಸ್ ಮುಂಬದಿಯ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್‌ಗಳನ್ನೂ ನೋಡಿಸುವುದು ಜಾಣತನ. ಏಕೆಂದರೆ ಇಲ್ಲಿ ದುಬಾರಿಯಾಗುವುದು ಬಿಡಿಭಾಗಕ್ಕಿಂತ ಕೂಲಿ.

ಬ್ರೇಕ್‌ಗೆ ತಾಕಿದರೆ ಜೀವಕ್ಕೆ ಅಪಾಯ

ಹತ್ತು ಸೆಕೆಂಡಿಗೆ ಒಂದು ಹನಿ ಬಿದ್ದರೂ ಎಂಟು ಗಂಟೆಯ ದುಡಿಮೆಯಲ್ಲಿ ಸುಮಾರು 140 ಮಿಲಿಲೀಟರ್ ಎಣ್ಣೆ ನೆಲದ ಪಾಲಾಗುತ್ತದೆ. ಇದು ಹಣದ ನಷ್ಟ. ಹಿಂದಿನ ಆಕ್ಸಲ್‌ನ ಸೀಲ್ ಸೋರಿದರೆ ಅದು ಜೀವದ ಪ್ರಶ್ನೆಯೂ ಹೌದು.

ಹಳೆಯ ಮಾದರಿಗಳಲ್ಲಿ ಹಲವು ಒಣ ಬ್ರೇಕ್‌ನವು. ಅವುಗಳ ಲೈನಿಂಗ್ ಎಣ್ಣೆ ಕುಡಿದರೆ ಹಿಡಿತ ಹೋಗುತ್ತದೆ. ಎಡ, ಬಲ ಬ್ರೇಕ್‌ಗಳು ಬೇರೆಬೇರೆಯಾಗಿರುವ ಟ್ರ್ಯಾಕ್ಟರ್‌ನಲ್ಲಿ ಒಂದು ಬದಿ ಮಾತ್ರ ಜಾರಿದರೆ ಬ್ರೇಕ್ ಒತ್ತಿದಾಗ ವಾಹನ ಇನ್ನೊಂದು ಬದಿಗೆ ಎಳೆಯುತ್ತದೆ. ಹಿಂದೆ ಕಬ್ಬು ತುಂಬಿದ ಟ್ರೇಲರ್ ಇದ್ದು ಅದಕ್ಕೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಆ ಭಾರ ಟ್ರ್ಯಾಕ್ಟರನ್ನೇ ತಳ್ಳುತ್ತದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಇಂಥ ಟ್ರ್ಯಾಕ್ಟರ್‌ಗಳ ಜೊತೆಗೇ ಬಸ್ಸು, ಕಾರು, ಬೈಕ್‌ಗಳೂ ಸಾಗುತ್ತವೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸ ಬಿಡಬೇಕು. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಸೀಲ್ ಜೊತೆಗೆ ಲೈನಿಂಗ್ ಕೂಡ ಬದಲಾಗಬೇಕು.

ಬಿತ್ತನೆಗೆ ಒಂದು ತಿಂಗಳು ಮುಂಚೆ, ಕಬ್ಬಿನ ಹಂಗಾಮಿಗೆ ಮೊದಲು ಒಮ್ಮೆ ಟ್ರ್ಯಾಕ್ಟರ್ ತೊಳೆದು, ಬ್ರೀದರ್ ಶುಚಿ ಮಾಡಿ, ಎಣ್ಣೆಯ ಮಟ್ಟ ನೋಡಿ, ಚಕ್ರಗಳ ಒಳಬದಿಯಲ್ಲಿ ಜಿಡ್ಡಿದೆಯೇ ಎಂದು ಪರೀಕ್ಷಿಸಿದರೆ ದೊಡ್ಡ ಖರ್ಚುಗಳನ್ನು ತಪ್ಪಿಸಬಹುದು. ಸೋರಿಕೆ ಕಂಡಾಗ ಮೆಕ್ಯಾನಿಕ್‌ಗೆ ‘ಸೀಲ್ ಬದಲಿಸಿ’ ಎನ್ನುವ ಬದಲು ‘ಸೀಲ್ ಏಕೆ ಹೋಯಿತು ನೋಡಿ’ ಎಂದು ಹೇಳುವುದು ಒಳಿತು.