ಬೆಲ್ಟ್ ಹಾಕಿದ ಕೂಸನ್ನು ಕಂಡು ‘ಬಿಚ್ಚವ್ವ’ ಅನ್ನಬೇಡಿ: ಸೊಂಟದ ಕೀಲಿನ ಚಿಕಿತ್ಸೆ ಮನೆಯಲ್ಲಿ ನಡೆಯೋದು ಹೀಗೆ

ಚಳ್ಳಕೆರೆ: ಎದೆಗೊಂದು ಪಟ್ಟಿ, ಎರಡೂ ಹೆಗಲ ಮೇಲಿಂದ ಪಟ್ಟಿ, ಕಾಲಿಗೂ ಪಟ್ಟಿ. ಮೊಣಕಾಲು ಮಡಚಿ, ಕಪ್ಪೆಯ ಹಾಗೆ ತೊಡೆ ಅಗಲಿಸಿಕೊಂಡು ಮಲಗಿರುವ ಕೂಸು. ಬಸ್ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಇಂಥ ಮಗುವನ್ನು ಕಂಡವರ ಬಾಯಲ್ಲಿ ಬರೋದು ಒಂದೇ ಮಾತು. ‘ಅಯ್ಯೋ ಪಾಪ, ಯಾಕವ್ವ ಹಿಂಗೆ ಕಟ್ಟಿದೀಯ, ಒಂದು ಗಳಿಗೆ ಬಿಚ್ಚಬಾರದಾ?’

ಕನಿಕರದಿಂದಲೇ ಅನ್ನುತ್ತಾರೆ. ಆದರೆ ಆ ಮಾತು ಕೇಳಿ ಬಿಚ್ಚಿದರೆ ಮಗುವಿನ ಚಿಕಿತ್ಸೆ ಹಿಂದಕ್ಕೆ ಹೋಗುತ್ತದೆ. ಬಿಚ್ಚದೆ ಹೋದರೆ ತಾಯಿಗೆ ಕಲ್ಲುಹೃದಯದವಳು ಅನ್ನೋ ಹೆಸರು.

ಈ ಕಾಯಿಲೆಗೆ ವೈದ್ಯರು ಡಿಡಿಎಚ್ ಅನ್ನುತ್ತಾರೆ. ಸರಳವಾಗಿ ಹೇಳಿದರೆ, ಹುಟ್ಟುವಾಗಲೇ ಅಥವಾ ಹುಟ್ಟಿದ ಮೊದಲ ತಿಂಗಳುಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದೆ ಇರುವುದು. ತೊಡೆಮೂಳೆಯ ತುದಿ ಚೆಂಡಿನ ಹಾಗಿರುತ್ತದೆ. ಅದು ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂಥ ಗುಳಿಯಲ್ಲಿ ಕೂರಬೇಕು. ಒರಳುಕಲ್ಲು ಮತ್ತು ಗುಂಡಿನ ಲೆಕ್ಕ. ವ್ಯತ್ಯಾಸ ಏನೆಂದರೆ ಕೂಸಿನ ಒರಳು ಇನ್ನೂ ಕಲ್ಲಾಗಿರುವುದಿಲ್ಲ, ಮೆತ್ತಗಿನ ಮೃದುಮೂಳೆ. ಗುಂಡು ಒಳಗೆ ಕೂತು ಆಡುತ್ತಿದ್ದರೆ ಗುಳಿ ಆಳವಾಗಿ, ಗುಂಡಗೆ ಬೆಳೆಯುತ್ತದೆ. ಗುಂಡು ಹೊರಗೇ ಇದ್ದರೆ ಗುಳಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಬೆಲ್ಟಿನ ಕೆಲಸ ಇಷ್ಟೇ: ತೊಡೆ ಮಡಚಿ ಅಗಲಿಸಿ ಇಟ್ಟು, ಚೆಂಡನ್ನು ಬಟ್ಟಲಿನೊಳಗೇ ಇರಿಸುವುದು. ಬಟ್ಟಲು ತಾನಾಗಿ ಬೆಳೆಯುತ್ತದೆ.

ಕೀಲು ಪೂರಾ ಜಾರಿರುವುದು ಸುಮಾರು ಸಾವಿರ ಹೆರಿಗೆಗೆ ಒಂದೆರಡು ಮಕ್ಕಳಲ್ಲಿ. ಅಲ್ಪಸ್ವಲ್ಪ ಸಡಿಲ ಇರುವವರು ಅದಕ್ಕಿಂತ ಜಾಸ್ತಿ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಬಹಳ ಹೆಚ್ಚು. ಚೊಚ್ಚಲ ಮಗು, ಹೊಟ್ಟೆಯಲ್ಲಿ ತಲೆ ಮೇಲಾಗಿ ಕುಂಡಿ ಕೆಳಗಾಗಿದ್ದ ಮಗು, ಗರ್ಭದಲ್ಲಿ ನೀರು ಕಡಿಮೆ ಇದ್ದ ಮಗು, ಅಪ್ಪ ಅಮ್ಮ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ಇದೇ ತೊಂದರೆ ಇದ್ದ ಮಗು, ಇವರನ್ನು ತಪ್ಪದೆ ನೋಡಿಸಬೇಕು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಸುರಿ ಅದನ್ನು ತಿಂದಳು, ಇದನ್ನು ನೋಡಿದಳು ಅನ್ನುವುದಕ್ಕೂ ಸಂಬಂಧ ಇಲ್ಲ.

ಒಂದು ಮನೆಯ ದಿನ

ತಾಲ್ಲೂಕಿನ ಹಳ್ಳಿಯೊಂದರ 22 ವರ್ಷದ ತಾಯಿ ಈಗ ಬಾಣಂತನಕ್ಕೆ ತವರುಮನೆಯಲ್ಲಿದ್ದಾರೆ. ಹೆಸರು ಹಾಕೋದು ಬೇಡ ಎಂದಿದ್ದಾರೆ. ಚೊಚ್ಚಲು, ಹೆಣ್ಣು ಮಗು, ಹೊಟ್ಟೆಯಲ್ಲಿ ಕುಂಡಿ ಕೆಳಗಾಗಿದ್ದರಿಂದ ಸಿಸೇರಿಯನ್. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೋದಾಗ ವೈದ್ಯರು ಮಗುವಿನ ತೊಡೆ ಮಡಚಿ ಅಗಲಿಸಿ ನೋಡಿದರು. ಎಡಗಾಲು ಪೂರ್ತಿ ಅಗಲವಾಗಲಿಲ್ಲ, ಒಳಗೆ ‘ಟಕ್’ ಎಂದು ಸರಿದ ಹಾಗಾಯಿತು. ಸ್ಕ್ಯಾನಿಂಗ್‌ಗೆ ದಾವಣಗೆರೆಗೆ ಬರೆದುಕೊಟ್ಟರು. ಒಂದು ವಾರದಲ್ಲಿ ಬೆಲ್ಟ್ ಬಿತ್ತು. ಆ ಬೆಲ್ಟಿಗೆ ಪಾವ್ಲಿಕ್ ಹಾರ್ನೆಸ್ ಎಂದು ಹೆಸರು. ಆರ್ನಾಲ್ಡ್ ಪಾವ್ಲಿಕ್ ಎಂಬ ಚೆಕ್ ಮೂಳೆ ವೈದ್ಯ 1940ರ ದಶಕದಲ್ಲಿ ರೂಪಿಸಿದ್ದು. ಇವತ್ತಿಗೂ ಆರು ತಿಂಗಳೊಳಗಿನ ಮಕ್ಕಳಿಗೆ ಜಗತ್ತಿನ ಬಹುತೇಕ ಕಡೆ ಮೊದಲು ಹಾಕುವುದು ಇದನ್ನೇ.

ಬೆಳಗಿನ ಜಾವ ಐದಕ್ಕೆ ಮಗು ಏಳುತ್ತದೆ. ಹಾಲು ಕುಡಿಸಬೇಕು. ಎಲ್ಲರ ಹಾಗೆ ಮಗ್ಗುಲಾಗಿ ಮಲಗಿ ಕುಡಿಸೋಕೆ ಆಗಲ್ಲ. ಹಾಗೆ ಮಾಡಿದರೆ ಮಗುವಿನ ಎರಡು ಕಾಲು ಒಂದಕ್ಕೊಂದು ಸೇರಿಬಿಡುತ್ತವೆ. ಎದ್ದು ಕೂತು, ತೊಡೆಯ ಮೇಲೆ ದಿಂಬು ಇಟ್ಟು, ಮಗುವಿನ ಕಾಲು ತನ್ನ ಸೊಂಟದ ಎರಡು ಕಡೆ ಬರುವ ಹಾಗೆ ಕೂರಿಸಿಕೊಂಡು ಕುಡಿಸಬೇಕು. ಸಿಸೇರಿಯನ್ ಹೊಲಿಗೆಯ ಜಾಗ ಎಳೆಯುತ್ತಿದ್ದ ದಿನಗಳಲ್ಲಿ ಇದೇ ದೊಡ್ಡ ಕಷ್ಟವಾಗಿತ್ತು.

ಆಮೇಲೆ ಡೈಪರ್. ಎರಡು ಪಾದ ಸೇರಿಸಿ ಹಿಡಿದು ಮೇಲಕ್ಕೆತ್ತುವ ಅಭ್ಯಾಸ ಎಲ್ಲರಿಗೂ ಇದೆ. ಈ ಮಗುವಿಗೆ ಹಾಗೆ ಎತ್ತುವಂತಿಲ್ಲ. ಕುಂಡಿಯ ಕೆಳಗೆ ಅಂಗೈ ತೂರಿಸಿ ಎತ್ತಬೇಕು. ಡೈಪರ್ ಬೆಲ್ಟಿನ ಪಟ್ಟಿಗಳ ಒಳಗಡೆ ಬರಬೇಕು, ಮೇಲೆ ಅಲ್ಲ. ಅಜ್ಜಿಗೆ ಇದು ಕೈಗೂಡಲು ವಾರ ಹಿಡಿಯಿತು. ಅಲ್ಲೀವರೆಗೆ ರಾತ್ರಿ ಹಗಲು ಎಲ್ಲ ಡೈಪರ್ ತಾಯಿಯದ್ದೇ.

ಸ್ನಾನದ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಬಾಣಂತಿ ಮನೆ ಅಂದರೆ ಎಣ್ಣೆ, ಬಿಸಿನೀರು, ಸಾಂಬ್ರಾಣಿ. ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯದಿದ್ದರೆ ಮಗು ಗಟ್ಟಿಯಾಗಲ್ಲ ಅನ್ನೋದು ಹಿರಿಯರ ಮಾತು. ವೈದ್ಯರು ಹೇಳಿದ್ದು ಮಾತ್ರ ಬೇರೆ: ಮೊದಲ ವಾರಗಳಲ್ಲಿ ಬೆಲ್ಟ್ ಬಿಚ್ಚುವ ಹಾಗೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಂದೆ ಕೀಲು ಬಿಗಿಯಾದ ಮೇಲೆ ಕೆಲವು ಮಕ್ಕಳಿಗೆ ಸ್ನಾನಕ್ಕೆಂದು ದಿನಕ್ಕೆ ಒಂದು ಗಂಟೆ ಬಿಡುವು ಕೊಡುತ್ತಾರೆ. ಅದಕ್ಕೇ 23 ಗಂಟೆ ಬೆಲ್ಟ್ ಅನ್ನೋ ಲೆಕ್ಕ. ಆ ಒಂದು ಗಂಟೆಯನ್ನೂ ವೈದ್ಯರೇ ಹೇಳಬೇಕು, ಮನೆಯವರು ತೀರ್ಮಾನ ಮಾಡುವಂಥದ್ದಲ್ಲ.

ಒರೆಸುವಾಗ ಮೊಣಕಾಲ ಹಿಂದೆ, ತೊಡೆಸಂದಿ, ಕುತ್ತಿಗೆಯ ಮಡಿಕೆ ಇವನ್ನು ಬಿಡಿಸಿ ನೋಡಬೇಕು. ಚಳ್ಳಕೆರೆ ಬಿಸಿಲಿನಲ್ಲಿ ಬೆವರು ನಿಂತರೆ ಎರಡೇ ದಿನಕ್ಕೆ ಚರ್ಮ ಕೆಂಪಾಗಿ ಕಿತ್ತುಬರುತ್ತದೆ. ಪಟ್ಟಿಯ ಕೆಳಗೆ ಎಣ್ಣೆ, ಪೌಡರ್ ಹಾಕಬಾರದು, ಅದು ಬೆವರಿಗೆ ಮುದ್ದೆಯಾಗಿ ಇನ್ನೂ ಉಜ್ಜುತ್ತದೆ. ತೆಳು ಹತ್ತಿ ಅಂಗಿ ಪಟ್ಟಿಯ ಒಳಗೆ, ಮೊಣಕಾಲವರೆಗೆ ಬರುವ ಕಾಲುಚೀಲ. ಅಷ್ಟು ಸಾಕು.

ಅಂಗಿಯ ಮಾತು ಬಂದಿದ್ದಕ್ಕೆ ಬಟ್ಟೆ ಅಂಗಡಿಯವರಿಗೆ ಒಂದು ಮಾತು. ಇಂಥ ಮಗುವಿಗೆ ಬೇಕಾದ್ದು ಮುಂದುಗಡೆ ಗುಂಡಿ ಅಥವಾ ದಾರ ಇರುವ, ಒಂದು ಸೈಜ್ ದೊಡ್ಡದಾದ ಅಂಗಿ, ಅಗಲ ಬುಡದ ಫ್ರಾಕ್. ಬಿಗಿ ಚಡ್ಡಿ, ಲೆಗ್ಗಿಂಗ್ಸ್ ತೋರಿಸಬೇಡಿ, ಅವು ಅಗಲಿಸಿದ ಕಾಲನ್ನು ಮತ್ತೆ ಒಟ್ಟಿಗೆ ಎಳೆಯುತ್ತವೆ. ಮೆಡಿಕಲ್ ಸ್ಟೋರ್‌ನವರ ಜವಾಬ್ದಾರಿ ಇನ್ನೂ ದೊಡ್ಡದು. ಎರಡು ಮೂರು ಡೈಪರ್ ಒಂದರ ಮೇಲೊಂದು ಹಾಕಿದರೆ ಸೊಂಟ ಸರಿಹೋಗುತ್ತದೆ ಅನ್ನೋ ಸಲಹೆ ಕೌಂಟರ್ ಮೇಲೆ ಸುಲಭವಾಗಿ ಸಿಗುತ್ತದೆ. ಅದರಿಂದ ಕೀಲು ಕೂರಲ್ಲ. ನೋಡಿಸಬೇಕಾದ ಸಮಯ ಹಾಳಾಗುತ್ತದೆ ಅಷ್ಟೇ.

ಮಧ್ಯಾಹ್ನ ನಿದ್ದೆಗೆ ಸೀರೆ ಕಟ್ಟಿದ ಜೋಳಿಗೆ ಬಂದ್. ಜೋಳಿಗೆಯಲ್ಲಿ ಬಟ್ಟೆ ಎರಡೂ ಕಡೆಯಿಂದ ಒತ್ತಿ ತೊಡೆಗಳನ್ನು ಸೇರಿಸುತ್ತದೆ. ಚಾಪೆ ಮೇಲೆ ಅಂಗಾತ ಮಲಗಿಸಬೇಕು. ತೂಗದೆ ಮಲಗದ ಮಗುವನ್ನು ತೂಗದೆ ಮಲಗಿಸುವುದು ಎಂಥ ಕೆಲಸ ಅನ್ನೋದು ಮಾಡಿದವರಿಗೇ ಗೊತ್ತು. ಮೊದಲ ನಾಲ್ಕೈದು ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ. ಆಮೇಲೆ ಮಗುವೇ ಒಗ್ಗಿಕೊಂಡಿತು. ಬೆಲ್ಟ್ ನೋವು ಕೊಡುವುದಿಲ್ಲ, ಅದರೊಳಗೇ ಮಗು ಕಾಲು ಒದೆಯುತ್ತದೆ, ಒದೆಯಲೇಬೇಕು.

ಒದೆಯುವುದನ್ನು ತಾಯಿ ದಿನಾ ಗಮನಿಸಬೇಕು. ಮಗು ಮೊಣಕಾಲು ಚಾಚಿ ಒದೆಯುವುದನ್ನು ದಿಢೀರನೆ ನಿಲ್ಲಿಸಿದರೆ ಪಟ್ಟಿ ಬಿಗಿಯಾಗಿ ತೊಡೆಯ ನರ ಒತ್ತಿರಬಹುದು. ಆ ದಿನವೇ ವೈದ್ಯರಿಗೆ ತಿಳಿಸಬೇಕು. ಪಟ್ಟಿ ಎಲ್ಲಿವರೆಗೆ ಎಳೆದಿದೆ ಎಂದು ಪೆನ್ನಿನಲ್ಲಿ ಗುರುತು ಹಾಕಿರುತ್ತಾರೆ. ಆ ಗುರುತಿನಿಂದ ಅತ್ತಿತ್ತ ಸರಿಸಬಾರದು. ಸಡಿಲವಾದರೆ ಚೆಂಡು ಜಾರುತ್ತದೆ, ತೀರಾ ಅಗಲವಾಗಿ ಬಿಗಿದರೆ ಚೆಂಡಿಗೆ ಹೋಗುವ ರಕ್ತವೇ ಕಡಿಮೆಯಾಗಿ ಮೂಳೆ ಹಾಳಾಗುವ ಅಪಾಯ ಇದೆ. ಮಗು ಬೆಳೆದಂತೆ ಪಟ್ಟಿ ಬಿಡಬೇಕಾಗುತ್ತದೆ. ಅದಕ್ಕೇ ಶುರುವಿನಲ್ಲಿ ವಾರಕ್ಕೊಮ್ಮೆ ಬನ್ನಿ ಅನ್ನುವುದು.

ವಾರಕ್ಕೊಮ್ಮೆ ದಾವಣಗೆರೆ ಅಂದರೆ ಒಂದು ದಿನ ಪೂರಾ ಹೋಯಿತು. ಸರ್ಕಾರಿ ಬಸ್ ಸಿಕ್ಕರೆ ಶಕ್ತಿ ಯೋಜನೆಯಲ್ಲಿ ತಾಯಿಗೂ ಅಜ್ಜಿಗೂ ಟಿಕೆಟ್ ಇಲ್ಲ. ಖಾಸಗಿ ಬಸ್ಸಾದರೆ ದುಡ್ಡು. ದುಡ್ಡಿಗಿಂತ ದೊಡ್ಡ ಸಮಸ್ಯೆ ಸೀಟು. ಕಾಲು ಅಗಲಿಸಿದ ಮಗುವನ್ನು ಎದೆಗೆ ಒರಗಿಸಿ ಕೂತರೆ ಒಂದೂವರೆ ಸೀಟಿನ ಜಾಗ ಬೇಕು. ಪಕ್ಕದವರು ‘ಕಾಲು ಮಡಿಸಿಕೊಳ್ಳಮ್ಮ’ ಅನ್ನುತ್ತಾರೆ. ಎಷ್ಟು ಸಲ ವಿವರಿಸೋದು? ತಂದೆ ಲಗೇಜ್ ಆಟೊ ಓಡಿಸುತ್ತಾರೆ, ಬಾಡಿಗೆ ಬಿಟ್ಟು ಬಂದರೆ ಆ ದಿನದ ಸಂಪಾದನೆ ಇಲ್ಲ. ಹಾಗಾಗಿ ಅಜ್ಜಿ ಮೊಮ್ಮಗಳೇ ಹೋಗಿಬರುತ್ತಾರೆ, ಜೊತೆಗೆ ತಾಯಿ.

ಮೂರ್ನಾಲ್ಕು ವಾರದಲ್ಲಿ ಸ್ಕ್ಯಾನಿಂಗ್‌ನಲ್ಲಿ ಚೆಂಡು ಬಟ್ಟಲಿಗೆ ಬರದಿದ್ದರೆ ಬೆಲ್ಟ್ ನಿಲ್ಲಿಸಿ ಬೇರೆ ದಾರಿ ನೋಡುತ್ತಾರೆ. ಈ ಮಗುವಿಗೆ ಮೂರನೇ ವಾರದ ಸ್ಕ್ಯಾನಿಂಗ್‌ನಲ್ಲಿ ಚೆಂಡು ಒಳಗೆ ಕೂತಿತ್ತು. ಇನ್ನೂ ಒಂದೂವರೆ ತಿಂಗಳು ಬೆಲ್ಟ್ ಇದೆ.

ತಡವಾದರೆ ಪ್ಲಾಸ್ಟರ್

ಇದೇ ತಾಲ್ಲೂಕಿನ ಇನ್ನೊಂದು ಮನೆಯ ಕತೆ ಬೇರೆ. ಅಲ್ಲಿ ಗೊತ್ತಾಗಿದ್ದೇ ಮಗುವಿಗೆ 14 ತಿಂಗಳಾದಾಗ, ನಡೆಯಲು ಶುರು ಮಾಡಿ ಒಂದು ಕಡೆ ವಾಲಿದಾಗ. ಅಲ್ಲೀವರೆಗೆ ನೋವಿಲ್ಲ, ಅಳುವಿಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಈ ಕಾಯಿಲೆಯ ಮೋಸ ಇರೋದೇ ಅಲ್ಲಿ.

ಆರು ತಿಂಗಳು ದಾಟಿದ ಮೇಲೆ ಸಾಮಾನ್ಯವಾಗಿ ಬೆಲ್ಟ್ ಕೆಲಸ ಮಾಡಲ್ಲ. ಅರಿವಳಿಕೆ ಕೊಟ್ಟು, ಕೀಲನ್ನು ಕೂರಿಸಿ, ಎದೆಯ ಕೆಳಗಿನಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಹಿಪ್ ಸ್ಪೈಕಾ ಎಂದು ಹೆಸರು. ಸುಮಾರು ಮೂರು ತಿಂಗಳು, ನಡುವೆ ಒಮ್ಮೆ ಬದಲಾಯಿಸುವುದೂ ಉಂಟು. ಒಂದೂವರೆ ವರ್ಷ ದಾಟಿದ ಮಕ್ಕಳಿಗೆ ಹೆಚ್ಚಾಗಿ ಕೀಲು ತೆರೆದು ಆಪರೇಷನ್, ಕೆಲವರಿಗೆ ಮೂಳೆ ಕತ್ತರಿಸಿ ಕೂಡಿಸುವುದೂ ಬೇಕಾಗುತ್ತದೆ.

ಆ ಮನೆಗೆ ಪ್ಲಾಸ್ಟರ್ ಬಂದಿದ್ದು ಏಪ್ರಿಲ್‌ನಲ್ಲಿ. ಕರೆಂಟ್ ಹೋದರೆ ತಾಯಿ ಬೀಸಣಿಗೆ ಹಿಡಿದು ಕೂರಬೇಕು. ಕಡಿತಕ್ಕೆ ಮಗು ಅಳುತ್ತದೆ, ಆದರೂ ಕಡ್ಡಿ, ಸ್ಕೇಲು ಒಳಗೆ ತೂರಿಸಬಾರದು, ಚರ್ಮ ಗಾಯವಾದರೆ ಒಳಗೇ ಕೊಳೆಯುತ್ತದೆ. ಉಚ್ಚೆ ಪ್ಲಾಸ್ಟರ್‌ಗೆ ಇಳಿಯದ ಹಾಗೆ ಚಿಕ್ಕ ಸೈಜಿನ ಡೈಪರನ್ನು ಪ್ಲಾಸ್ಟರ್ ಅಂಚಿನ ಒಳಗೆ ಸೇರಿಸಿ, ಅದು ನಿಲ್ಲಲು ದೊಡ್ಡದೊಂದನ್ನು ಹೊರಗಿಂದ ಹಾಕಬೇಕು. ಹಗಲು ಎರಡು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಬದಲಿಸಬೇಕು. ತಲೆ ಕಡೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಬೇಕು. ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಊಟ ಮಾಡಿಸುವಾಗ ಅಗುಳು, ಬಿಸ್ಕತ್ ಚೂರು ಒಳಗೆ ಬೀಳದಂತೆ ಕುತ್ತಿಗೆಗೆ ಟವೆಲ್ ಕಟ್ಟಬೇಕು. ಎರಡು ಕಾಲಿನ ನಡುವೆ ಇರುವ ಅಡ್ಡಕೋಲು ಮಗುವನ್ನು ಎತ್ತುವ ಹಿಡಿಕೆ ಅಲ್ಲ, ನೋಡಲು ಬಂದವರು ಮೊದಲು ಕೈ ಹಾಕೋದು ಅಲ್ಲಿಗೇ.

ಕಾಲ್ಬೆರಳು ನೀಲಿಯಾಗಿ ತಣ್ಣಗಾದರೆ, ಊದಿಕೊಂಡರೆ, ಜ್ವರ ಬಂದರೆ, ಪ್ಲಾಸ್ಟರ್ ಒಳಗಿಂದ ಕೆಟ್ಟ ವಾಸನೆ ಬಂದರೆ ಬೆಳಗಾಗಲಿ ಎಂದು ಕಾಯಬಾರದು.

ಮೊದಲೇ ನೋಡೋದು ಹೇಗೆ

ಹೆರಿಗೆಯಾದ ಆಸ್ಪತ್ರೆಯಲ್ಲೇ ಮನೆಗೆ ಕಳಿಸುವ ಮುಂಚೆ ಸೊಂಟ ನೋಡಿದ್ದೀರಾ ಎಂದು ಕೇಳಿ. ನಾಚಿಕೆ ಬೇಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ ಹುಟ್ಟುದೋಷಗಳ ಪಟ್ಟಿಯಲ್ಲಿ ಇದೂ ಇದೆ. ಆಸ್ಪತ್ರೆ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು, ಅವರ ಹತ್ತಿರವೂ ಹೇಳಬಹುದು. ಡೈಪರ್ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗದಿದ್ದರೆ, ಒಂದು ಕಾಲು ಗಿಡ್ಡ ಕಂಡರೆ ತೋರಿಸಿ. ತೊಡೆಯ ಮಡಿಕೆ ಹೆಚ್ಚುಕಡಿಮೆ ಇರೋದು ಸರಿಯಿರುವ ಮಕ್ಕಳಲ್ಲೂ ಉಂಟು, ಅದೊಂದರಿಂದ ಗಾಬರಿಯಾಗಬೇಡಿ. ಎರಡೂ ಕಡೆ ಜಾರಿದ್ದರೆ ಎರಡು ಕಾಲೂ ಒಂದೇ ಥರ ಕಾಣುತ್ತವೆ, ನಡೆಯುವಾಗ ಬಾತುಕೋಳಿಯ ಹಾಗೆ ತೂಗಾಡುತ್ತಾರೆ. ನಾಲ್ಕರಿಂದ ಆರು ತಿಂಗಳವರೆಗೆ ಸ್ಕ್ಯಾನಿಂಗ್, ಆಮೇಲೆ ಎಕ್ಸ್‌ರೇ.

ನಾಟಿ ಕಟ್ಟು ಕಟ್ಟಿಸುವ ಯೋಚನೆ ಬಿಡಿ. ಇದು ಮುರಿದ ಮೂಳೆಯಲ್ಲ. ಕಾಲು ಎಳೆದು ನೆಟ್ಟಗೆ ಕಟ್ಟಿದರೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ. ಕಾಯಿಲೆ ಇಲ್ಲದ ಕೂಸಿಗೂ ಎರಡು ಕಾಲು ನೆಟ್ಟಗೆ ಮಾಡಿ ಬಿಗಿಯಾಗಿ ಸುತ್ತೋದು ಒಳ್ಳೆಯದಲ್ಲ. ಜಪಾನಿನಲ್ಲಿ 1975ರ ಸುಮಾರಿಗೆ ಹಾಗೆ ಸುತ್ತಬೇಡಿ ಎಂದು ದೇಶವಿಡೀ ಪ್ರಚಾರ ಮಾಡಿದ ಮೇಲೆ ಸೊಂಟ ಜಾರುವ ಮಕ್ಕಳ ಸಂಖ್ಯೆ ತೀರಾ ಇಳಿಯಿತು. ಸುತ್ತಲೇಬೇಕಾದರೆ ಕೈ ಸುತ್ತಿ, ಕಾಲು ಸಡಿಲ ಬಿಡಿ. ಇನ್ನು ನಮ್ಮ ಹೆಂಗಸರು ತಲೆ ನಿಂತ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುತ್ತಾರಲ್ಲ, ಅದು ಕೀಲಿಗೆ ಬಹಳ ಒಳ್ಳೆಯ ಭಂಗಿ. ಅದನ್ನು ಬಿಡಬೇಡಿ.

ಬೆಲ್ಟ್ ತೆಗೆದ ದಿನವೇ ಎಲ್ಲ ಮುಗಿಯಲ್ಲ. ಬಟ್ಟಲು ಸರಿಯಾಗಿ ಬೆಳೆಯುತ್ತಿದೆಯಾ ಎಂದು ಮಗು ನಡೆಯಲು ಕಲಿತ ಮೇಲೂ ವರ್ಷಗಳ ಕಾಲ ಆಗಾಗ ಎಕ್ಸ್‌ರೇ ತೆಗೆಸಬೇಕು. ಆಪರೇಷನ್ ಬೇಕೆಂದರೆ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆಸಿಕೊಳ್ಳಬೇಕು. ರೇಷನ್ ಕಾರ್ಡ್‌ಗೆ ಮಗುವಿನ ಹೆಸರು ಸೇರಿಸಿಲ್ಲದಿದ್ದರೆ ಆ ಕೆಲಸಕ್ಕೆ ಈಗಲೇ ಅರ್ಜಿ ಕೊಟ್ಟುಬಿಡಿ, ಅಡ್ಮಿಟ್ ಆಗುವ ದಿನ ಓಡಾಡುವುದು ತಪ್ಪುತ್ತದೆ.