ಮರಳ ಮೇಲೆ ನಿಂತ ದೋಣಿಗಳು

ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಡಚ್ ಜಲವರ್ಣ ಚಿತ್ರಗಳಲ್ಲಿ ಮೀನುದೋಣಿಗಳು ಮರಳಿನ ಮೇಲೆ ನಿಂತಿರುತ್ತವೆ, ಪಕ್ಕದಲ್ಲಿ ಕುದುರೆಗಳಿರುತ್ತವೆ. ಇದು ಕಲಾವಿದರ ಕಲ್ಪನೆಯೇ?

ಉತ್ತರ: ಅಲ್ಲ, ಕಂಡದ್ದನ್ನೇ ಬರೆದಿದ್ದಾರೆ. ಇಂಥ ಎಷ್ಟೋ ಚಿತ್ರಗಳು ಹೇಗ್ ನಗರಕ್ಕೆ ಅಂಟಿಕೊಂಡ ಸ್ಕೇವೆನಿಂಗನ್ ಎಂಬ ಬೆಸ್ತರ ಹಳ್ಳಿಯವು. 1904ರವರೆಗೆ ಅಲ್ಲಿ ಬಂದರೇ ಇರಲಿಲ್ಲ. ಆದ್ದರಿಂದ ದೋಣಿಗಳ ತಳವನ್ನು ಚಪ್ಪಟೆಯಾಗಿ ಕಟ್ಟುತ್ತಿದ್ದರು. ಅವು ನೇರ ದಡಕ್ಕೇ ಬಂದು ಕೂರುತ್ತಿದ್ದವು. ಅಲೆಗೆ ಸಿಗದಂತೆ ಮೇಲಕ್ಕೆಳೆಯಲು ಕುದುರೆಗಳು ಬೇಕಿದ್ದವು.

ಈ ಬದುಕನ್ನು ಚಿತ್ರಿಸಿದವರಲ್ಲಿ ಮುಖ್ಯರು ‘ಹೇಗ್ ಪಂಥ’ದ ಕಲಾವಿದರು. ಆಂಟನ್ ಮಾವ್, ಮೆಸ್ದಾಖ್ ಮೊದಲಾದವರು 1876ರಲ್ಲಿ ಜಲವರ್ಣಕ್ಕೆಂದೇ ಒಂದು ಸಂಘ ಕಟ್ಟಿದರು. ಮೋಡ ಕವಿದ ಆಕಾಶ, ಒದ್ದೆ ಮರಳು, ಮಂಜು ಬೆರೆತ ಬೆಳಕು: ಇವುಗಳ ಅಂಚು ಎಲ್ಲಿಯೂ ಖಚಿತವಲ್ಲ. ಒದ್ದೆ ಕಾಗದದ ಮೇಲೆ ತಾನಾಗಿ ಹರಡುವ ಬಣ್ಣ ಅದನ್ನು ಹಿಡಿಯುವಷ್ಟು ಸಹಜವಾಗಿ ತೈಲವರ್ಣ ಹಿಡಿಯದು ಎಂದೇ ನನ್ನ ಭಾವನೆ. ಯೋಸೆಫ್ ಇಸ್ರೇಲ್ಸ್ ಇನ್ನೂ ಒಳಗೆ ಹೋದರು; ಬೆಸ್ತರ ಗುಡಿಸಲಿನ ಮಬ್ಬುಗತ್ತಲು, ಕಡಲಿಗೆ ಹೋದವರಿಗಾಗಿ ಕಾಯುವ ಹೆಂಗಸರು ಅವರ ವಸ್ತು. ಬಡವರ ದುಡಿಮೆಗೂ ದುಃಖಕ್ಕೂ ಅವರು ಕೊಟ್ಟ ಘನತೆ ದೊಡ್ಡದು.

ವ್ಯಾನ್ ಗೋ ಕೂಡ 1881ರ ಕೊನೆಯಲ್ಲಿ ಜಲವರ್ಣದ ಪಾಠ ಕಲಿತದ್ದು ಬಂಧುವಾದ ಮಾವ್ ಅವರಿಂದಲೇ. ಮರುವರ್ಷ ಸ್ಕೇವೆನಿಂಗನ್‌ನ ಕಡಲತೀರವನ್ನೂ ಚಿತ್ರಿಸಿದ.

1894ರ ಬಿರುಗಾಳಿಗೆ ದಡದಲ್ಲಿದ್ದ ದೋಣಿಗಳು ನುಚ್ಚುನೂರಾದ ಮೇಲೆ ಬಂದರಿನ ಬೇಡಿಕೆಗೆ ಬಲ ಬಂತು. ಬಂದರು ಬಂದ ಬಳಿಕ ಚಪ್ಪಟೆ ದೋಣಿಗಳು ಕ್ರಮೇಣ ಮರೆಯಾದವು.